ಗೋಡೆಗೆ ಮುಖ ಮಾಡಿದ ಜಮಖಾನ

ಫೆಬ್ರವರಿ ೧೮, ಮಂಗಳವಾರ

ನಿನ್ನೆ, ಫೆಬ್ರವರಿ ಹದಿನೇಳರ ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆಗೆ, ನಗರ ಗ್ರಂಥಾಲಯದ ಓದುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ತೂಗುತ್ತಿದ್ದ ನೇಯ್ಗೆಚಿತ್ರವನ್ನು ತೊಳೆಸಿ ತಂದು ಹಿಂದುಮುಂದಾಗಿ ನೇತುಹಾಕಿದರು. ಕಣ್ತಪ್ಪಿನಿಂದಲ್ಲ, ಬೇಕೆಂದೇ. ಮುಂಬದಿ ಬಿಸಿಲಿಗೆ ಮಾಸಿದೆಯಂತೆ, ಹಿಂಬದಿಯ ಬಣ್ಣ ಹೊಸದರ ಹಾಗೆ ಇದೆಯಂತೆ. ಹಿಂಬದಿಯಲ್ಲಿ ಜೋತಾಡುತ್ತಿದ್ದ ಸಾವಿರಾರು ನೂಲಿನ ತುದಿಗಳನ್ನು ಕೂದಲು ಕತ್ತರಿಸುವ ಯಂತ್ರ ಹಿಡಿದು ನುಣ್ಣಗೆ ಬೋಳಿಸಿದ್ದಾರೆ.

ದಿನಾಂಕ, ಗಂಟೆ ಸಮೇತ ಬರೆದಿಡುತ್ತಿದ್ದೇನೆ. ಈ ಊರಿನಲ್ಲಿ ಆರು ತಿಂಗಳು ಕಳೆದರೆ ಯಾವುದೂ ನಡೆದೇ ಇರುವುದಿಲ್ಲ. ಪುಸ್ತಕಗಳ ಕಾರ್ಡು ಇಡುತ್ತಿದ್ದ ಮರದ ಡ್ರಾಯರುಗಳನ್ನು ಸೌದೆಗೆ ಕೊಟ್ಟ ದಿನ ನನಗೆ ನೆನಪಿದೆ, ಕೊಟ್ಟವರಿಗೆ ನೆನಪಿಲ್ಲ. ಕಿಟಕಿಯ ಬಣ್ಣದ ಗಾಜು ಯಾರ ಮನೆಯ ಬಚ್ಚಲಿಗೆ ಹೋಯಿತೆಂಬುದೂ ನೆನಪಿದೆ.

ಚಿತ್ರ ಹೀಗಿತ್ತು: ಹನ್ನೆರಡು ಅಡಿ ಎತ್ತರ, ಎಂಟು ಅಡಿ ಅಗಲ. ಗೋಧಿ ಬಣ್ಣದ ಹಿನ್ನೆಲೆ. ಎಡಗಡೆ ಬುಡದಿಂದ ಬಲಗಡೆ ಮೇಲಕ್ಕೆ ಏರುವ ಕರಿಯ ಪಟ್ಟೆ. ಅದಕ್ಕೆ ಒರಗಿಕೊಂಡು ಚೌಕವೂ ಅಲ್ಲದ, ದುಂಡಗೂ ಇಲ್ಲದ ಒಂದು ಕೆಂಪು. ಮೇಲೆ ಚದುರಿದ ನೀಲಿ ಬಿಲ್ಲೆಗಳು. ಬಲ ಮೂಲೆಯ ಬುಡದಲ್ಲಿ ಹೆಬ್ಬೆರಳಿನಷ್ಟು ಉದ್ದದ ನಾಲ್ಕು ಬಣ್ಣದ ಗೆರೆ. ಗ್ರಂಥಪಾಲಕನಾಗಿ ಹದಿನೇಳು ವರ್ಷ ಅದರ ಎದುರಿಗೆ ಕುಳಿತು ಕೆಲಸ ಮಾಡಿದವನು ನಾನು. ಅಮೂರ್ತ ಕಲೆಯೆಂದರೆ ಏನೆಂದು ಈ ಊರಿಗೆ ಕಲಿಸಿದ್ದು ಆ ಕಲಾವಿದರು, ಆ ಒಂದು ಕೃತಿ. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಕೇಳುವವರಿಲ್ಲ ಎಂದುಕೊಂಡಿದ್ದಾರೆ.

ಈಗ ಕರಿಯ ಪಟ್ಟೆ ಎಡದಿಂದ ಬಲಕ್ಕೆ ಇಳಿಯುತ್ತಿದೆ. ಏರುವುದಕ್ಕೂ ಇಳಿಯುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಕೈಯಲ್ಲಿ ಗ್ರಂಥಾಲಯವಿದೆ.

ಗ್ರಂಥಾಲಯ ಸಮಿತಿಗೆ ಕಾಗದ ಬರೆಯಲು ಕುಳಿತಿದ್ದೇನೆ. ಅಕ್ಕ ಏನೋ ಕೇಳಿದಳು. ಸರಿಯಾಗಿ ಕೇಳಿಸಲಿಲ್ಲ.

ಫೆಬ್ರವರಿ ೧೯, ಬುಧವಾರ

ಕಾಗದ ಮುಗಿಯಿತು. ಕಲಾವಿದರ ಉದ್ದೇಶ, ರೇಖೆಯ ದಿಕ್ಕು, ಆಧುನಿಕ ಕಲೆಯಲ್ಲಿ ಸಮತೋಲನದ ಪ್ರಶ್ನೆ, ಮೂರಕ್ಕೂ ಒಂದೊಂದು ಭಾಗ. ಕೊನೆಯಲ್ಲಿ ಕೃತಿಯ ವಿವರ ಕೊಟ್ಟೆ: ರಚನೆ ಕಲಾವಿದರದು, ನೇಯ್ಗೆ ಜಮಖಾನದ ಕಾರ್ಖಾನೆಯದು. ನೇಯ್ದ ನಾಲ್ವರಲ್ಲಿ ಅಕ್ಕನೂ ಒಬ್ಬಳು. ಅದನ್ನು ಹಾಕಲಿಲ್ಲ, ಮನೆಯವರ ಹೆಸರು ತಂದರೆ ವಾದದ ತೂಕ ಕಡಿಮೆಯಾಗುತ್ತದೆ.

"ಎಷ್ಟು ಪುಟ?" ಎಂದಳು ಅಕ್ಕ.

"ಹನ್ನೊಂದು."

"ಅವರು ಓದಿ ಮುಗಿಸೋ ಹೊತ್ತಿಗೆ ಜಮಖಾನ ಮಣ್ಣಾಗಿರುತ್ತೆ ಬಿಡು."

"ಅದನ್ನ ಜಮಖಾನ ಅನ್ನಬೇಡ ಅಕ್ಕ. ನೇಯ್ಗೆಚಿತ್ರ."

"ಹದಿನಾಲ್ಕು ತಿಂಗಳು ಅದರ ಮುಂದೆ ಕೂತು ಸೊಂಟ ಕಳ್ಕೊಂಡವಳು ನಾನು. ನಾನು ಏನಂತ ಕರೀತೀನೋ ಅದೇ ಅದರ ಹೆಸರು."

ನನಗೆ ಅರವತ್ತೇಳು, ಅವಳಿಗೆ ಎಪ್ಪತ್ತೆರಡು. ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಅವಳೊಂದಿಗೆ ವಾದ ಮಾಡಿ ಗೆದ್ದ ನೆನಪು ನನ್ನ ಇಷ್ಟು ದೊಡ್ಡ ನೆನಪಿನ ಗಂಟಿನಲ್ಲಿ ಒಂದೂ ಇಲ್ಲ.

ಫೆಬ್ರವರಿ ೨೨, ಶನಿವಾರ

ಅಕ್ಕನನ್ನು ಕರೆದುಕೊಂಡು ಹೋದೆ. ಓದುವ ಕೋಣೆಗೆ ಈಗ ಹೊಳೆಯುವ ಟೈಲ್ಸ್ ಹಾಕಿದ್ದಾರೆ. ಗ್ರಂಥಾಲಯ ಸಮಿತಿಯ ಅಧ್ಯಕ್ಷರಿಗೆ ಟೈಲ್ಸ್ ಅಂಗಡಿಯಿದೆ. ನಡೆದರೆ ನಮ್ಮ ಚಪ್ಪಲಿಯ ಸದ್ದು ನಮಗೇ ಬೈದ ಹಾಗೆ ಕೇಳುತ್ತದೆ.

ದೂರದಿಂದ ನೋಡಿದರೆ ಪಟ್ಟೆಯ ಅನ್ಯಾಯ ಚೆನ್ನಾಗಿ ಕಾಣುತ್ತದೆ, ಇಲ್ಲಿ ನಿಲ್ಲು ಎಂದೆ. ಅವಳು ನಿಲ್ಲಲೇ ಇಲ್ಲ. ನೇರ ಹೋಗಿ ಮೂಗು ತಾಗುವಷ್ಟು ಹತ್ತಿರ ನಿಂತು ಅಂಗೈ ಇಟ್ಟಳು.

"ಅಮ್ಮಾ, ಮುಟ್ಟಬಾರದು," ಎಂದ ಕಾವಲಿನವನು.

"ನಿನಗೆ ಮೀಸೆ ಬರೋಕೆ ಮುಂಚೆ ಮುಟ್ಟಿದೀನಿ, ಸುಮ್ನಿರಪ್ಪ."

ಆಮೇಲೆ ನನ್ನ ಕೈ ಹಿಡಿದೆಳೆದು ಕೆಂಪಿನ ಅಂಚಿನಲ್ಲಿ ಇಟ್ಟಳು. ಅಲ್ಲಿ ಬೆರಳು ತೂರುವಷ್ಟು ಸೀಳು ಬಿಟ್ಟಿತ್ತು. "ಒಂದು ಬಣ್ಣ ನಿಲ್ಲೋ ಕಡೆ ನೂಲಿನ ತುದೀನ ಗೇಣುದ್ದ ಬಿಟ್ಟಿರ್ತೀವಿ ಕಣೋ. ಕಟ್ಟೋಕಲ್ಲ, ಜಾರದೆ ಇರೋಕೆ. ಅದನ್ನ ಬುಡಕ್ಕೇ ಬೋಳಿಸಿದಾರೆ. ಇನ್ನು ಇದು ತನ್ನ ಭಾರಕ್ಕೆ ತಾನೇ ಬಿಚ್ಕೊಳ್ಳುತ್ತೆ. ಇವತ್ತು ಬೆರಳು, ಮುಂದಿನ ತಿಂಗಳು ಕೈ."

ಈ ವಿಷಯ ನನ್ನ ಹನ್ನೊಂದು ಪುಟದಲ್ಲಿ ಇರಲಿಲ್ಲ.

ಫೆಬ್ರವರಿ ೨೫, ಮಂಗಳವಾರ

ಉತ್ತರವಿಲ್ಲ.

ಫೆಬ್ರವರಿ ೨೭, ಗುರುವಾರ

ಉತ್ತರ ಬಂತು. ಬಾರದಿದ್ದರೇ ಚೆನ್ನಾಗಿತ್ತು.

"ಮೂಲ ಚಿತ್ರದೊಂದಿಗೆ ಹೋಲಿಸಿ ನೋಡಲಾಗಿ, ಈಗ ತೂಗುಹಾಕಿರುವ ಬದಿಯೇ ಕಲಾವಿದರ ಉದ್ದೇಶಕ್ಕೆ ಅನುಗುಣವಾಗಿದೆ. ಇಪ್ಪತ್ತಾರು ವರ್ಷಗಳ ಪ್ರಮಾದವನ್ನು ಸಮಿತಿಯು ಸರಿಪಡಿಸಿದೆ." ಜೊತೆಗೆ ಕಲಾವಿದರು ಕಾಗದದ ಮೇಲೆ ಬರೆದಿದ್ದ ಮೂಲ ಚಿತ್ರದ ಫೋಟೋ, ಬೆರಳಿನ ಉಗುರಿನಷ್ಟು ಚಿಕ್ಕದು. ಅದರಲ್ಲಿ ಕರಿಯ ಪಟ್ಟೆ ಇಳಿಯುತ್ತಿದೆ. ಎಡದಿಂದ ಬಲಕ್ಕೆ, ಸಂದೇಹವೇ ಇಲ್ಲದೆ ಇಳಿಯುತ್ತಿದೆ.

ಗಟ್ಟಿಯಾಗಿ ಓದಿದೆ. ಬ್ರೆಡ್ಡು ಕೊಯ್ಯುತ್ತಿದ್ದ ಅಕ್ಕ ಚಾಕು ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು.

"ಸಿಕ್ಕಿಬಿದ್ವಿ ಕಣೋ! ಇಷ್ಟು ವರ್ಷ ಆದ್ಮೇಲೆ!"

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ನೆಲಕ್ಕೆ ಹಾಸೋದನ್ನ ನೇಯ್ತಿದ್ದವರು ನಾವು. ಅದಕ್ಕೆ ಹಿಂದೆ ಮುಂದೆ ಎಲ್ಲಿರುತ್ತೆ? ಕೊಳೆಯಾದ್ರೆ ಮಗುಚಿ ಹಾಸ್ಕೊಳ್ಳೋದು. ಗೋಡೆಗೆ ಹಾಕೋದನ್ನ ಕಂಡವರೇ ಅಲ್ಲ. ಇದರಲ್ಲಿ ಗಳಿಗೆಗೊಂದು ಬಣ್ಣ ಬದಲಾಗ್ತಿತ್ತು. ಚಿತ್ರ ಕಣ್ಣೆದುರಿಗೆ ಇಟ್ಕೊಂಡು, ತುದಿಗಳನ್ನ ನಮ್ಮ ಕಡೆ ಬಿಟ್ಕೊಂಡು ನೇಯ್ತಾ ಹೋದ್ವಿ. ಜನಕ್ಕೆ ಕಾಣೋದು ಆಚೆ ಬದಿ, ಅದು ಕನ್ನಡೀಲಿ ಕಂಡ ಹಾಗೆ ತಿರುಗಿರುತ್ತೆ, ಚಿತ್ರಾನ ಮೊದಲೇ ತಿರುಗಿಸಿ ಬರ್ಕೋಬೇಕು ಅಂತ ನಾಲ್ಕು ತಲೆಯಲ್ಲಿ ಒಂದು ತಲೆಗೂ ಹೊಳೀಲಿಲ್ಲ."

"ಆಮೇಲೆ?"

"ಸೊಂಟದ ಎತ್ತರಕ್ಕೆ ಬಂದಿತ್ತು, ಒಂದಿನ ಆ ಕಲಾವಿದರು ನೋಡೋಕೆ ಬಂದ್ರು. ಮಗ್ಗದ ಆಚೆ ಕಡೆ ಹೋಗಿ ನಿಂತ್ರು. ನಮಗೆ ಕಾಣ್ತಿದ್ದದ್ದು ಮಗ್ಗದ ಕೆಳಗೆ ಅವರ ಬೂಟು ಮಾತ್ರ. ಒಂದು ಹೆಜ್ಜೆ ಮುಂದೆ ಹೋಗುತ್ತೆ, ಹಿಂದೆ ಬರುತ್ತೆ. ಆಗ ಹೊಳೀತು ನೋಡು ನಮಗೆ! 'ಇದು ಯಾರು ಮಾಡಿದ್ದು?' ಅಂದ್ರು. ನಮ್ಮಲ್ಲಿ ಹಿರಿಯಳು ಇದ್ದಳಲ್ಲ, ನಾವು ಅಜ್ಜಿ ಅಂತಿದ್ವಿ, ಅವಳು ಎದ್ದು ನಿಂತು, 'ನಾವೇ ಸ್ವಾಮಿ, ಬೇಕಂತಲೇ' ಅಂದ್ಬಿಟ್ಟಳು. ಕಣ್ಣು ಕೂಡ ಮಿಟುಕಿಸಲಿಲ್ಲ ಮಹರಾಯ್ತಿ."

"ಅವರೇನಂದ್ರು?"

"ನಕ್ಕರು. ಈಚೆ ಬಂದು ಅವರ ಚಿತ್ರಾನ ಕಿತ್ತು ಸುತ್ತಿ ಕಂಕುಳಿಗೆ ಸಿಕ್ಕಿಸ್ಕೊಂಡ್ರು. 'ನನ್ನದು ಬೀಳ್ತಿತ್ತು, ನಿಮ್ಮದು ಏಳ್ತಿದೆ. ಇನ್ನು ಇದನ್ನೇ ನೋಡ್ಕೊಂಡು ಮೇಲಕ್ಕೆ ಹೋಗಿ' ಅಂದ್ರು. ಹೋದ್ವಿ."

ಕಾಗದ ಮಡಚಿಟ್ಟು, "ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನೀನು ಯಾವತ್ತು ಕೇಳಿದೆ? ಬಂದೋರಿಗೆಲ್ಲ ಕೋಲು ಹಿಡ್ಕೊಂಡು ಹೇಳ್ತಿದ್ದೆ, ಈ ಏರುಪಟ್ಟೆ ಮನುಷ್ಯನ ಆಸೆ, ಮೂಲೆಯ ಆ ನಾಲ್ಕು ಗೆರೆ ಕಲಾವಿದನ ಮೌನ ಅಂತ. ಒಂದ್ಸಲ ಹಿಂದೆ ನಿಂತು ಕೇಳಿಸ್ಕೊಂಡೆ. ಚೆನ್ನಾಗಿ ಹೇಳ್ತಿದ್ದೆ ಪುಟ್ಟ. ಯಾಕೆ ತಡೀಲಿ?"

"ಆ ನಾಲ್ಕು ಗೆರೆ?"

"ನಾವು ನಾಲ್ಕು ಜನ ಕಣೋ."

ಫೆಬ್ರವರಿ ೨೮, ಶುಕ್ರವಾರ

ಗ್ರಂಥಾಲಯದ ಸ್ಮರಣ ಸಂಚಿಕೆಯಲ್ಲಿ ನಾನು ಬರೆದ ಲೇಖನ ತೆಗೆದು ಓದಿದೆ. ಒಂಬತ್ತು ಪುಟ. ಮೌನದ ಮೇಲೆಯೇ ಒಂದೂವರೆ ಪುಟ. ಹರಿದು ಹಾಕಬೇಕೆನಿಸಿತು. ಆದರೆ ಲೇಖನದ ನಡುವೆ ಮೂಲ ಚಿತ್ರವನ್ನೂ ನೇಯ್ದದ್ದನ್ನೂ ಬಣ್ಣದಲ್ಲಿ ಅಚ್ಚು ಹಾಕಿಸಿದ್ದೆ, ಒಂದು ಈ ಹಾಳೆಯಲ್ಲಿ, ಇನ್ನೊಂದು ಮುಂದಿನ ಹಾಳೆಯಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಸಂಪಾದಕನಾದ ನನಗೂ ಬಂದಿರಲಿಲ್ಲ, ಓದಿದ ಒಬ್ಬರಿಗೂ ಬಂದಿರಲಿಲ್ಲ.

ಮಾರ್ಚ್ ೨, ಭಾನುವಾರ

ಈಗಿನ ಗ್ರಂಥಪಾಲಕಿ ಫೋನ್ ಮಾಡಿದ್ದಳು. ನನ್ನ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿದವಳು, ಹೆದರುತ್ತ ಹೆದರುತ್ತ ಹೇಳಿದಳು: "ಸಾರ್, ಪ್ಲೈವುಡ್ ಹಲಗೆ ಬಂದಿದೆ. ಐದು ಡಬ್ಬ ಅಂಟು ಬಂದಿದೆ. ಹದಿನಾಲ್ಕನೇ ತಾರೀಖು ಅದನ್ನ ಹಲಗೆಗೆ ಮೆತ್ತಿಬಿಡ್ತಾರಂತೆ, ಸೀಳು ಕಾಣಬಾರದು ಅಂತ. ಹದಿನೈದಕ್ಕೆ ಹೊಸ ಕೋಣೆಯ ಉದ್ಘಾಟನೆ."

ಮುಂಬದಿ ಹಲಗೆಯ ಕಡೆ. ಒಮ್ಮೆ ಅಂಟಿದರೆ ಮುಗಿಯಿತು. ಹೊರಗಿರುವುದು ಬೆನ್ನು, ಒಳಗಿರುವುದು ಗೋಂದು ಕುಡಿದ ಮುಖ. ಮುಂದೆ ಯಾರು ಬಂದು ತಪ್ಪು ಒಪ್ಪಿಕೊಂಡರೂ ಕಿತ್ತು ತೆಗೆಯಲಾಗದು.

ಸ್ಮರಣ ಸಂಚಿಕೆಯ ಎರಡು ಪುಟಗಳನ್ನೂ ಕತ್ತರಿಸಿದೆ. ಪುಸ್ತಕಕ್ಕೆ ಕತ್ತರಿ ಹಾಕಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಅಕ್ಕಪಕ್ಕ ಇಟ್ಟೆ. ಬುಡದಿಂದ ಮೂರರಲ್ಲಿ ಒಂದು ಭಾಗ, ತಿರುಗಿದ್ದೂ ಮೂಲೆಯ ನಾಲ್ಕು ಗೆರೆಯೂ ಬಿಟ್ಟರೆ, ಎರಡೂ ಒಂದೇ. ಅಲ್ಲಿಂದ ಮೇಲೆ ಯಾವುದೂ ಒಂದೇ ಅಲ್ಲ. ಮೂಲ ಚಿತ್ರದಲ್ಲಿ ನೀಲಿ ಬಿಲ್ಲೆ ಮೂರು, ನೇಯ್ದದ್ದರಲ್ಲಿ ಏಳು. ಮೂಲದಲ್ಲಿ ಪಟ್ಟೆ ಕೆಂಪಿಗೆ ತಾಗಿ ಮುಗಿಯುತ್ತದೆ. ನೇಯ್ದದ್ದರಲ್ಲಿ ಕೆಂಪನ್ನು ದಾಟಿ ಅಂಚಿನವರೆಗೂ ಹೋಗಿದೆ. ಹಿಂದಿನಿಂದ ನೋಡಿದರೂ ಮುಂದಿನಿಂದ ನೋಡಿದರೂ ಇದು ಆ ಚಿತ್ರವಲ್ಲ.

"ಪಟ್ಟೆ ಯಾಕೆ ಕೆಂಪನ್ನ ದಾಟಿಸಿದ್ರಿ?" ಎಂದು ಅಕ್ಕನನ್ನು ಕೇಳಿದೆ.

ಯೋಚಿಸಿದಳು. "ಅಷ್ಟು ದೂರ ಹತ್ತಿಸಿ ಅಲ್ಲಿ ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಕೆಂಪು ಯಾಕೆ ಒಂದು ಕಡೆ ಗಾಢ ಎಂದು ಕೇಳಿದೆ. ನೀಲಿ ಏಳೇ ಯಾಕೆ ಎಂದು ಕೇಳಿದೆ. ಊಟದ ತಟ್ಟೆ ಒಣಗುವವರೆಗೂ ಹೇಳಿದಳು. ಬೇರೊಂದು ಕಾಗದದಲ್ಲಿ ಬರೆದುಕೊಂಡಿದ್ದೇನೆ.

ಮಾರ್ಚ್ ೫, ಬುಧವಾರ

ಸಮಿತಿಯ ಮುಂದೆ ಹೋದೆವು. ಅಧ್ಯಕ್ಷರ ಮೇಜಿನ ಮೇಲೆ ಟೈಲ್ಸಿನ ಮಾದರಿಗಳು. ಪಕ್ಕದಲ್ಲಿ ಒಳಾಂಗಣ ವಿನ್ಯಾಸಕ. ಸೊಂಟದಲ್ಲಿ ಸದಾ ಅಳತೆ ಟೇಪು ಸಿಕ್ಕಿಸಿಕೊಂಡಿರುವುದರಿಂದ ಅಕ್ಕ ಅವನಿಗೆ ಟೇಪು ಎಂದೇ ಹೆಸರಿಟ್ಟಿದ್ದಾಳೆ.

ನಾನು ಎರಡು ಪುಟ ಮುಂದಿಟ್ಟು ಬಿಲ್ಲೆಗಳನ್ನು ಎಣಿಸಿ ತೋರಿಸಿದೆ. ಅಧ್ಯಕ್ಷರು ಆಕಳಿಸಿದರು.

"ಹಿಂದೆ ಮುಂದೆ ಅಂತ ಏನಿದೆ ಸಾರ್ ಇದರಲ್ಲಿ? ಮೂಗಿದೆಯಾ, ಬಾಲ ಇದೆಯಾ? ಅರ್ಥ ಆಗದಿರೋ ಚಿತ್ರ ಯಾವ ಕಡೆಯಿಂದ ಅರ್ಥ ಆಗದಿದ್ರೆ ಏನು?"

ಎಲ್ಲರೂ ನಕ್ಕರು.

"ಅರ್ಥ ಆಗದೆ ಇರೋದನ್ನ ಮುಟ್ಟಬಾರದಪ್ಪ," ಎಂದಳು ಅಕ್ಕ. "ನಮ್ಮಮ್ಮ ನಮಗೆ ಅಷ್ಟು ಕಲಿಸಿದ್ಳು."

ನಗು ನಿಂತಿತು. ಟೇಪು ಎದ್ದ. "ಅಮ್ಮಾ, ಮುಂಬದಿ ಮಾಸಿದೆ. ಜನಕ್ಕೆ ಹೊಳಪು ಬೇಕು. ಹಿಂಬದಿ ಫ್ರೆಶ್ ಆಗಿದೆ."

"ಟೈಲ್ಸ್ ಹಿಂಬದೀನೂ ಮಾಸಲ್ಲ ಅಲ್ವಾ? ಹೊಸ ನೆಲಾನೂ ಕಿತ್ತು ಮಗುಚಿ ಹಾಕ್ಸಿ. ಫ್ರೆಶ್ ಆಗಿರುತ್ತೆ."

ಅಧ್ಯಕ್ಷರ ಮುಖ ಬಿಗಿಯಿತು. "ಈಯಮ್ಮ ಯಾರು?" ಎಂದು ನನ್ನನ್ನು ಕೇಳಿದರು.

"ಇದನ್ನ ಮಾಡಿದವರು," ಎಂದೆ.

"ಮಾಡಿದ ಕಲಾವಿದರು ತೀರಿಕೊಂಡ್ರಲ್ಲ?"

"ಮೊದಲು ಚಿತ್ರ ಬರೆದವರು ತೀರಿಕೊಂಡ್ರು. ಮಾಡಿದವರು ನಿಮ್ಮೆದುರಿಗೆ ಕೂತಿದಾರೆ."

ಅಕ್ಕ ಬೂಟಿನ ಕಥೆಯನ್ನೂ ಹೇಳಿದಳು. ಕಲಾವಿದರು ಒಪ್ಪಿದ್ದಕ್ಕೆ ಲಿಖಿತ ಪುರಾವೆ ಕೊಡಿ, ಬೂಟು ನೋಡಿದೆವು ಎಂದರೆ ನಡೆಯುವುದಿಲ್ಲ ಎಂದ ಟೇಪು. ನಾನು ಕೇಳಿದೆ: ತಿರುಗಿಸಲು ತೀರ್ಮಾನಿಸಿದ ಸಭೆಯ ನಡಾವಳಿ ತೋರಿಸಿ, ಅದೂ ಲಿಖಿತವೇ ಆಗಿರಬೇಕಲ್ಲ? ಅಧ್ಯಕ್ಷರು ಟೈಲ್ಸಿನ ಮಾದರಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಒಂದು ಫೈಲೂ ತೆರೆಯಲಿಲ್ಲ.

"ಹದಿನಾಲ್ಕಕ್ಕೆ ಅಂಟು ಹಾಕೋದೇ. ಸಾರ್, ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ," ಎಂದರು ಅಧ್ಯಕ್ಷರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದಳು. ಇಳಿಯುವಾಗ, "ಕುಳ್ಳಿಗೊಂದು ಫೋನ್ ಮಾಡು," ಎಂದಳು.

ಮಾರ್ಚ್ ೮, ಶನಿವಾರ

ಕುಳ್ಳಿ ಬಂದಳು. ನಾಲ್ವರಲ್ಲಿ ಕಿರಿಯಳು, ಮಗ್ಗದ ಮೇಲ್ತುದಿ ನಿಲುಕದೆ ಸ್ಟೂಲು ಹಾಕಿಕೊಂಡು ನೇಯುತ್ತಿದ್ದವಳು. ಅಜ್ಜಿ ತೀರಿಕೊಂಡಿದ್ದಾಳೆ, ನಾಲ್ಕನೆಯವಳು ಮದುವೆಯಾಗಿ ಹೋದ ಊರಿನ ವಿಳಾಸ ಯಾರಲ್ಲೂ ಇಲ್ಲ. ಕುಳ್ಳಿಯ ಗಂಟಲು ಮಾತ್ರ ಆರಡಿ ಎತ್ತರವಿದೆ.

"ಏನೇ ಇದು, ಮುದುಕಿ ಆಗ್ಬಿಟ್ಟಿದೀಯ!"

"ನೀನೇನು ತೊಟ್ಟಿಲಿಂದ ಎದ್ದು ಬಂದ್ಯಾ? ಒಳಗೆ ಬಾ."

ಚೀಲ ಬಿಚ್ಚಿದರೆ ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಅಂದು ಉಳಿದ ಉಣ್ಣೆಯ ನೂಲನ್ನು ಇಪ್ಪತ್ತಾರು ವರ್ಷ ಟ್ರಂಕಿನಲ್ಲಿ ಇಟ್ಟಿದ್ದಾಳೆ! ಕರಿದು, ಗೋಧಿ, ನೀಲಿ. ಕೆಂಪು ಮಾತ್ರ ಸ್ವಲ್ಪವೇ. "ಮೊಮ್ಮಗಳಿಗೆ ಟೋಪಿ ಹೆಣೆದುಬಿಟ್ಟಿದ್ದೆ. ನಿನ್ನೆ ಬಿಚ್ಚಿದೆ. ಅವಳು ಅಳ್ತಾ ಇದಾಳೆ, ಅಳಲಿ."

ಅಕ್ಕನ ಉಪಾಯ ಸರಳ. ಬೆನ್ನು ಹೇಗೂ ಹೊರಗಿದೆ, ಕೈಗೆ ಸಿಗುತ್ತದೆ. ಬೋಳಿಸಿದ ಮೇಲೆ ಎಲ್ಲೆಲ್ಲಿ ಬಿಚ್ಚಿಕೊಳ್ಳುತ್ತಿದೆಯೋ ಅಲ್ಲಲ್ಲಿ ಹೊಸ ನೂಲು ಹಾಕಿ ಹೊಲಿಯುವುದು, ತುದಿಯನ್ನು ಗೇಣುದ್ದ ಜೋತುಬಿಡುವುದು. ಜಮಖಾನವೂ ಉಳಿಯುತ್ತದೆ, ಇದು ಬೆನ್ನು ಎಂಬುದೂ ಊರಿಗೆಲ್ಲ ಕಾಣುತ್ತದೆ.

"ನಿನಗೆ ಸೂಜಿಯ ಕಣ್ಣೇ ಕಾಣಲ್ವಲ್ಲ ಅಕ್ಕ?"

"ಜಮಖಾನ ಕಾಣುತ್ತೆ, ಸಾಕು. ಸೂಜಿಗೆ ನೀನಿದೀಯ."

ಸಂಜೆಯವರೆಗೆ ದಾರ ಪೋಣಿಸಿದೆ. ಎರಡು ಕಡೆ ಚುಚ್ಚಿಕೊಂಡೆ. ನೂಲಿನ ತುದಿ ಒದ್ದೆ ಮಾಡಬಾರದು, ಮಡಿಸಿ ಚಿವುಟಿ ತೂರಿಸಬೇಕು. ಇದು ಗೊತ್ತಾಗಲು ಅರವತ್ತೇಳು ವರ್ಷ ಬೇಕಾಯಿತು.

ಮಾರ್ಚ್ ೧೦, ಸೋಮವಾರ

ಒಂಬತ್ತಕ್ಕೆ ಬಾಗಿಲು ತೆರೆದ ಗ್ರಂಥಪಾಲಕಿ, "ನಾನೇನೂ ನೋಡಿಲ್ಲ ಸಾರ್," ಎಂದು ಒಳಗೆ ಹೋದಳು. ಐದು ನಿಮಿಷಕ್ಕೆ ತನ್ನ ಕುರ್ಚಿಯನ್ನೇ ಎತ್ತಿಕೊಂಡು ಬಂದು ಅಕ್ಕನಿಗೆ ಹಾಕಿದಳು.

ಕುಳ್ಳಿ ಸ್ಟೂಲಿನ ಮೇಲೆ, ಅಕ್ಕ ಕುರ್ಚಿಯಲ್ಲಿ, ನಾನು ಸೂಜಿಯೊಂದಿಗೆ ನೆಲದಲ್ಲಿ. ಕಾವಲಿನವನು ಓಡಿ ಬಂದ. "ಯಾರ ಅಪ್ಪಣೆ ತಗೊಂಡ್ರಿ?"

"ಹರಿದಿದ್ದನ್ನ ಹೊಲಿಯೋಕೆ ನಿಮ್ಮನೇಲಿ ಅಪ್ಪಣೆ ಕೇಳ್ತಾರಾ?" ಎಂದಳು ಅಕ್ಕ, ತಿರುಗಿ ನೋಡದೆ.

ಪತ್ರಿಕೆ ಓದುವವರು ಪತ್ರಿಕೆ ಇಳಿಸಿ ನೋಡಿದರು. ಪರೀಕ್ಷೆಗೆ ಓದಲು ಬರುವ ಒಬ್ಬಳು ಹುಡುಗಿ ಹತ್ತಿರ ಬಂದು, "ಇದಕ್ಕೆ ಏನರ್ಥ ಸಾರ್?" ಎಂದು ನನ್ನನ್ನು ಕೇಳಿದಳು.

"ಅವರನ್ನೇ ಕೇಳಮ್ಮ," ಎಂದೆ.

ಸಂಜೆಗೆ ಅರವತ್ತೊಂದು ತುದಿ.

ಮಾರ್ಚ್ ೧೨, ಬುಧವಾರ

ಇನ್ನೂರ ಹದಿನೆಂಟು. ಕೆಂಪಿನ ಸೀಳು ಮುಚ್ಚಿತು. ಬೆರಳು ಊದಿದೆ, ಬರೆಯಲಾಗುತ್ತಿಲ್ಲ. ಟೇಪು ಬಂದ, ನೋಡಿದ, ಅಳೆಯಲಿಲ್ಲ, ಹೋದ. ಆ ಹುಡುಗಿ ಈಗ ಹೊಲಿಯುತ್ತಿದ್ದಾಳೆ. ಕುಳ್ಳಿ ಅವಳಿಗೆ ಬೈದು ಬೈದು ಕಲಿಸುತ್ತಿದ್ದಾಳೆ.

ಮಾರ್ಚ್ ೧೩, ಗುರುವಾರ

ಇಂದು ಮಧ್ಯಾಹ್ನ ಎರಡು ಗಂಟೆಗೆ ಅಧ್ಯಕ್ಷರೇ ಬಂದರು. ಹಿಂದೆ ಒಬ್ಬ ಕೂದಲು ಕತ್ತರಿಸುವ ಯಂತ್ರ ಹಿಡಿದಿದ್ದ.

"ಇದೇನು ಗಡ್ಡ ಬಿಡಿಸಿದೀರ ಇದಕ್ಕೆ? ನಾಳೆ ಅಂಟು ಹಾಕೋರು ಬರ್ತಾರೆ. ಬೋಳಿಸಯ್ಯ."

ಅಕ್ಕ ಕುರ್ಚಿಯಿಂದ ಇಳಿದಳು. ಜಮಖಾನಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕುಳಿತು ಜಡೆ ಬಿಚ್ಚಿದಳು. ಬಿಳಿ ಕೂದಲು ಹೆಗಲ ಮೇಲೆ ಹರಡಿತು.

"ಮೊದಲು ಇದನ್ನ ಬೋಳಿಸಪ್ಪ. ಆಮೇಲೆ ಅದನ್ನ."

ಕುಳ್ಳಿ ಸ್ಟೂಲಿನಿಂದ ಧುಮುಕಿ ಪಕ್ಕದಲ್ಲಿ ಕುಳಿತಳು. "ಇದನ್ನೂ. ಹೇನಿದೆ, ಹುಷಾರು." ಹುಡುಗಿ ಕುಳಿತಳು. ಪತ್ರಿಕೆ ಓದುವವರಲ್ಲಿ ಇಬ್ಬರು ಎದ್ದು ಬಂದು ಕುಳಿತರು. ಅವರಲ್ಲಿ ಒಬ್ಬರಿಗೆ ಬೋಳಿಸಲು ಏನೂ ಇರಲಿಲ್ಲ. ಗ್ರಂಥಪಾಲಕಿ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಆಮೇಲೆ ಬಂದು, ಅಧ್ಯಕ್ಷರ ಮುಖ ನೋಡದೆ, ಕುಳಿತಳು. ನನ್ನ ಮಂಡಿ ಮಡಚುವುದಿಲ್ಲ. ಗೋಡೆ ಹಿಡಿದು ಇಳಿಯುವಷ್ಟರಲ್ಲಿ ಯಂತ್ರ ಹಿಡಿದವನು ಹೊರಟೇ ಹೋಗಿದ್ದ.

"ನಾಳೆ ನೋಡ್ಕೋತೀನಿ," ಎಂದರು ಅಧ್ಯಕ್ಷರು.

ಮನೆಗೆ ಬಂದು ಸೂಚನಾಫಲಕಕ್ಕೆ ನಾಲ್ಕು ಪುಟ ಬರೆದೆ. ಅಕ್ಕ ಓದಿಸಿ ಕೇಳಿ, ಮೊದಲ ಮೂರು ಪುಟ ಬೇಡ, ನಾಲ್ಕನೆಯದರಲ್ಲಿ ಅರ್ಧ ಬೇಡ ಎಂದಳು. ಅವಳು ಹೇಳಿದಳು, ನಾನು ಬರೆದೆ. ಸಂಜೆ ಐದಕ್ಕೆ, ಕೋಣೆ ಮುಚ್ಚುವ ಮುಂಚೆ, ಜಮಖಾನದ ಪಕ್ಕದಲ್ಲೇ ಅಂಟಿಸಿ ಬಂದೆವು. ನಕಲು ಇಲ್ಲಿರಲಿ:

ಓದಲು ಬಂದವರಿಗೆಲ್ಲ.

ಈ ಜಮಖಾನದ ಮುಖ ಗೋಡೆಯ ಕಡೆಗಿದೆ. ನಿಮಗೆ ಕಾಣುತ್ತಿರುವುದು ಬೆನ್ನು. ಇದನ್ನು ನಾವು ನಾಲ್ವರು ಹದಿನಾಲ್ಕು ತಿಂಗಳು ಕುಳಿತು ಮಾಡಿದೆವು. ಮೊದಲು ತಪ್ಪಿ ಮಾಡಿದೆವು, ಆಮೇಲೆ ತಿಳಿದು ಮಾಡಿದೆವು. ಬುಡದ ಮೂಲೆಯಲ್ಲಿರುವ ನಾಲ್ಕು ಗೆರೆ ನಮ್ಮ ಗುರುತು. ಬಣ್ಣ ಮಾಸಿದ್ದರೆ ಮಾಸಿರಲಿ, ನಾವೂ ಮಾಸಿದ್ದೇವೆ. ಅದಕ್ಕಾಗಿ ನಮ್ಮನ್ನು ಯಾರೂ ಗೋಡೆಗೆ ತಿರುಗಿಸಿ ನಿಲ್ಲಿಸಿಲ್ಲ.

ಇದನ್ನು ತಿರುಗಿಸಿ ಎಂದವರು ಯಾರು? ಬೋಳಿಸಿ ಎಂದವರು ಯಾರು? ಹೇಳುವ ಮುಂಚೆ ಯಾರನ್ನು ಕೇಳಿದರು? ನಾಳೆ ಬೆಳಗ್ಗೆ ಹತ್ತು ಗಂಟೆಗೆ, ಅಂಟಿನ ಒಂದು ಡಬ್ಬದ ಮುಚ್ಚಳವನ್ನೂ ತೆರೆಯುವ ಮೊದಲು, ಅಧ್ಯಕ್ಷರು ಇದೇ ಜಾಗದಲ್ಲಿ ಎಲ್ಲರ ಎದುರಿಗೆ ನಿಂತು, ಬಾಯಿಬಿಟ್ಟು ಉತ್ತರ ಹೇಳಬೇಕು.